ಬೈದು ಗಾಡಿ ಹತ್ತಿಸಿದ್ದು

ಜೂನ್ 9, ಸೋಮವಾರ. ರಾತ್ರಿ 11.40

...ಹಾಂ, ಕೆಂಪು ಚುಕ್ಕಿ ಬಂತು. ರೆಕಾರ್ಡ್ ಆಗಾಕತ್ತೈತಿ. ರೂಮಿನ್ಯಾಗ ನನ್ನ ಜೋಡಿ ಇರೋ ರೇವಣಸಿದ್ದ ಗೊರಕಿ ಹೊಡ್ಯಾಕತ್ಯಾನ, ಅದಕ್ಕ ಮೆಟ್ಟಲ ಮ್ಯಾಲೆ ಕುಂತೀನಿ. ಡೈರಿ ಬರಿಯಾಕ ಬ್ಯಾಸರ. ಮಾತಾಡಾಕ ಇಲ್ಲ.

ಮುಂಜಾನೆ ಆಕ್ಸಿಜನ್ ಚೆಕ್, ಸಕ್ಷನ್ ಚೆಕ್, ಸ್ಟ್ರೆಚರ್ ಗಾಲಿಗೆ ಎಣ್ಣಿ. ಅಂಬರೀಶಣ್ಣ ಗಾಡಿಗೆ ಊದಬತ್ತಿ ಬೆಳಗಿದ. ಆಕ್ಸಿಜನ್ ಇರೋ ಗಾಡಿಗೆ ಊದಬತ್ತಿ! ಕೇಳಿದ್ರ, "ಹೊರಗಡೆ ಬಾನೆಟ್ಟಿಗೆ ಕಣೋ. ಒಳಗಡೆ ದೇವ್ರು ಬೇರೆ" ಅಂದ.

ಅಂಬರೀಶಣ್ಣ ವರ್ತೂರಿನ ಹಳೇ ಮನಿತನದಾಂವ, ನಮ್ಮ ಪೈಲಟ್. ಆಂಬುಲೆನ್ಸ್ ಡ್ರೈವರಿಗೆ ಪೈಲಟ್ ಅಂತಾರ. ಹಿಂದ ಪೇಶಂಟ್ ಜೋಡಿ ಕುಂಡ್ರಾಂವ ನಾನು, ಇಎಮ್‌ಟಿ. ಅವ್ವಗ ಇಷ್ಟ ಹೇಳಿದ್ದೆ — ಪೈಲಟ್ ಜೋಡಿ ಕೆಲಸ ಅಂತ. ಈಗ ಲಿಂಗಸುಗೂರ ಕಡೆ ಎಲ್ಲಾ ಹಬ್ಬೈತಿ, ದುರ್ಗವ್ವನ ಮಗ ಇಮಾನದಾಗ ಅದಾನಂತ. ಕಾಕಾ ಫೋನ್ ಮಾಡಿ ಕೇಳಿದ: "ಮ್ಯಾಲೆ ಥಂಡಿ ಬಾಳೇನೋ?" ಎಸಿ ಐತಿ ಅಂದೆ. ಸುಳ್ಳಲ್ಲಲ್ಲ!

ಇವತ್ತು ಟೆಕ್ ಪಾರ್ಕಿನ ಹುಡುಗ ಒಬ್ಬಾಂವ. ಎದಿ ಡವ ಡವ, ಕೈ ನಡುಕ. ಎನರ್ಜಿ ಡ್ರಿಂಕ್ ಕುಡದು ಕುಡದು ನಿದ್ದಿ ಬಿಟ್ಟಾನ. ದಾರಿ ತುಂಬ ನನ್ನ ಕೈ ಹಿಡಕೊಂಡು "ಬ್ರೋ, ಡೋಂಟ್ ಲೀವ್" ಅಂತ. ಆಸ್ಪತ್ರಿಯೊಳಗೂ ಬಿಡವಲ್ಲ. ಡಾಕ್ಟರ್ ಕೇಳಿದ್ರು, ಅಣ್ಣ-ತಮ್ಮ ಏನು ಅಂತ.

ಟ್ರೇನಿಂಗಿನ್ಯಾಗ ಹೇಳಿದ್ರು — ರಕ್ತ ನೋಡಿ ಹೆದರಬ್ಯಾಡ್ರಿ. ಮೂರನೇ ಮಾಳಿಗಿ, ಲಿಫ್ಟ್ ಇಲ್ಲ, ಪೇಶಂಟ್ ದಪ್ಪ, ಕೆಳಗ ನಾಯಿ... ಇದನ್ನ ಯಾರೂ ಹೇಳಲಿಲ್ಲ. ಊಟದ ಡಬ್ಬಿ ತೆರೆದ್ರ ಫೋನ್ ಬರ್ತೈತಿ, ಅದನ್ನೂ ಹೇಳಲಿಲ್ಲ. ಆದ್ರೂ... ಎಂಥಾ ಚಂದ ಕೆಲಸ ಇದು. ಪೀಣ್ಯದಾಗ ಲೇಥ್ ತಿರುಗಿಸಿದೆ, ಬಿಟ್ಟೆ. ಬೆಳ್ಳಂದೂರಾಗ ಸೆಕ್ಯುರಿಟಿ, ಬಿಟ್ಟೆ. ಪಾರ್ಸಲ್ ಬೈಕು, ಅದೂ ಬಿಟ್ಟೆ. ಎಲ್ಲೂ ಕುಂಡಿ ಊರಿ ಕುಂತಾಂವಲ್ಲ. ಇದನ್ನ ಬಿಡಾಕ ಮನಸಿಲ್ಲ. ಈ ತಿಂಗಳ ಕೊನಿಗೆ ಪ್ರೊಬೇಷನ್ ಮುಗೀತೈತಿ. ಕಾಯಂ ಮಾಡ್ಕೊಂಡ್ರಂದ್ರ—

ನಿದ್ದಿ ಬಂತು.

ಜೂನ್ 11, ಬುಧವಾರ. ರಾತ್ರಿ

ನಗಬೇಕೋ ಅಳಬೇಕೋ ಗೊತ್ತಾಗವಲ್ದು.

ವರ್ತೂರಾಗ ಕಾಲ್. ಅಪಾರ್ಟ್‌ಮೆಂಟಿನ ಹಿಂದ ಹಳೇ ಹೆಂಚಿನ ಮನಿ. ವೆಂಕಟರಮಣಪ್ಪ ಅಂತ ಅಜ್ಜಾರು, ಶುಗರ್ ಇಳದು ಎಚ್ಚರ ಇಲ್ಲ. ಎಲ್ಲಾರನ್ನೂ ಹೊರಗ ಕಳಿಸಿ ಗ್ಲೂಕೋಸ್ ಏರಿಸಿದೆ. ನೋಡಕೊಂತ ಇದ್ದಂಗ ಕಣ್ಣು ಬಿಟ್ರು. "ಕಾಫಿ ಆಯ್ತಾ?" ಅಂದ್ರು. ನನಗ! ಅಂಥಾ ಖುಷಿ ಮತ್ತೊಂದಿಲ್ಲ ನೋಡು.

ಗ್ಲೌಸ್ ಬಿಚ್ಚಕೊಂತ ಪಡಸಾಲಿಗೆ ಬಂದೆ. ಖುಷಿಲೇ ಹೇಳಿದೆ: "ಆತ್ರಿ. ಎಲ್ಲಾ ಮುಗೀತು."

ಕೆಲಸ ಮುಗೀತು ಅಂತ. ಮತ್ತೇನು?

ಅವರ ಹೆಂಡ್ತಿ ಈಶ್ವರಮ್ಮಾರು ಧೊಪ್ಪಂತ ಕೆಳಗ ಕುಂತ್ರು. "ಅಯ್ಯೋ, ನನ್ನ ಬಿಟ್ಬುಟ್ಟು ಹೊಂಟೋದ್ರಲ್ಲಪ್ಪೋ!" ಓಣಿ ಮಂದಿ ಒಳಗ ಬಂದ್ರು. ಯಾರೋ ಆಗ್ಲೇ ಹೊಸಕೋಟ್ಯಾಗಿನ ಮಗಳಿಗೆ ಫೋನ್ ಹಚ್ಚಿ, ಹಂಗಂಗೇ ಹೊಂಡ್ರಿ ಅಂತ ಹೇಳಾಕತ್ಯಾರ. ನಾ "ಅಲ್ರೀ... ಅಲ್ರೀ..." ಅಂತೀನಿ, ಅಳೋ ಸಪ್ಪಳದಾಗ ಯಾರಿಗೆ ಕೇಳ್ಬೇಕು? ಅಷ್ಟರಾಗ ಬಾಗಲಿಗೆ ಅಜ್ಜಾರು ಬಂದು ನಿಂತ್ರು. ಕೈಗೆ ಸೂಜಿ ಚುಚ್ಚಿದಲ್ಲೆ ಹತ್ತಿ ಒತ್ಕೊಂಡು.

"ಯಾರ್ ಓಗಿದ್ದು? ನಂಗ್ಯಾಕೆ ಯೋಳಿಲ್ಲ?"

ಈಶ್ವರಮ್ಮಾರು ಒದರಿದ ಒದರಿಗಿ... ಅಜ್ಜಾರ ಶುಗರ್ ಮತ್ತ ಚೆಕ್ ಮಾಡ್ಬೇಕಾತು.

ವಾಪಸ್ ಬರೋವಾಗ ಅಂಬರೀಶಣ್ಣ ನಕ್ಕೂ ನಕ್ಕೂ ಗಾಡಿ ಸೈಡಿಗೆ ಹಾಕಿದ.

ಜೂನ್ 12

ಕಂಪ್ಲೇಂಟ್ ಬಂತು. ಅಜ್ಜಾರ ಮಗಳು ಕೊಟ್ಟಾರ.

ಭಾನುಪ್ರಕಾಶ್ ಸರ್ ಕರದ್ರು. ನಮ್ಮ ಸೂಪರ್‌ವೈಸರ್. ಬೈಯಲಿಲ್ಲ. ಬೈದಿದ್ರ ಚಲೋ ಇತ್ತು.

"ನೋಡಪ್ಪಾ, ನಿನ್ನ ಕೈ ಚೆನ್ನಾಗಿದೆ. ಬಾಯಿ ಸರಿ ಇಲ್ಲ. ತಿಂಗಳ ಕೊನೆ ಒಳಗೆ ಇನ್ನೊಂದು ಕಂಪ್ಲೇಂಟ್ ಬಂದ್ರೆ ಆಂಬುಲೆನ್ಸ್ ಇಲ್ಲ. ಸ್ಟೋರ್‌ಗೆ ಹಾಕ್ತೀನಿ. ಅಲ್ಲಿ ಗ್ಲೌಸ್ ಬಾಕ್ಸ್ ಜೊತೆ ಏನ್ ಬೇಕಾದ್ರೂ ಮಾತಾಡ್ಕೋ."

ಸ್ಟೋರ್ ನೋಡಿ ಬಂದೆ. ಕಿಟಕಿ ಇಲ್ಲ.

ಜೂನ್ 16, ಸೋಮವಾರ

ಅಂಬರೀಶಣ್ಣ ನನಗ ಮಾಸ್ತರ ಆಗ್ಯಾನ. ಸಿಗ್ನಲ್ ಸಿಗ್ನಲಿಗೆ ಪಾಠ.

"ಮುಗೀತು ಅನ್ಬಾರ್ದು. ಹೋಯ್ತು ಅನ್ಬಾರ್ದು. ಕೊನೇದು ಅನ್ಲೇಬಾರ್ದು."

"ಕೊನೀ ಸಲೈನ್ ಬಾಟ್ಲಿಗೆ ಏನನ್ಲಿ?"

"ಇನ್ನೊಂದು ಅನ್ನು. ಆಮೇಲೆ ಯಪ್ಪಾ, ಯವ್ವಾ ಬ್ಯಾಡ. ಸಾರ್, ಮೇಡಂ. ನೀನು ಮಾತಾಡಿದ್ರೆ ಜಗಳ ಆಡ್ದಂಗೆ ಐತೆ ಕಣೋ, ಜನ ಎದ್ರಿಕೊಂತಾರೆ."

ಕನ್ನಡಿ ಮುಂದ ನಿಂತು ಬಾಯಿಪಾಠ ಮಾಡಿದೆ: ಗಾಬರಿ ಆಗಬೇಡಿ ಸಾರ್. ದಯವಿಟ್ಟು ಸಹಕರಿಸಿ. ದೀರ್ಘವಾಗಿ ಉಸಿರಾಡಿ. ರೇವಣಸಿದ್ದ ಎದ್ದು ಕುಂತು ಕೇಳಿದ, "ಯಾವ ಸ್ಟೇಷನ್ ಬಂತು?"

ಅಂಬರೀಶಣ್ಣಗೂ ಹಂಗ ಅನಿಸ್ತಂತ. "ಮೆಟ್ರೋ ಅನೌನ್ಸ್‌ಮೆಂಟ್ ತರ ಐತೆ. ಸಕ್ಕತ್! ಇಂಗೇ ಮಡಿಕ್ಕೋ."

ಇವತ್ತು ಬೆಳ್ಳಂದೂರಾಗ ಕಾಲು ಉಳುಕಿಸಿಕೊಂಡ ಮೇಡಂ ಮ್ಯಾಲೆ ಪ್ರಯೋಗ ಮಾಡಿದೆ. ಆ ನೋವಿನ್ಯಾಗೂ ಅವರು ಕೇಳಿದ್ರು, "ನೀವು ಮುಂಚೆ ನ್ಯೂಸ್ ಓದ್ತಿದ್ರಾ?"

ಕಂಪ್ಲೇಂಟ್ ಇಲ್ಲ. ಚಲೋ ಆತು. ಆದ್ರ ನನ್ನ ಬಾಯಾಗ ಬ್ಯಾರೆ ಯಾರೋ ಬಾಡಿಗಿಗೆ ಇದ್ದಂಗ ಐತಿ.

ಜೂನ್ 24, ಮಂಗಳವಾರ. ರಾತ್ರಿ 1 ಹೊಡದಿರಬೇಕು

ಬಾಳ ದಿನ ಆತು ಮಾತಾಡಿ. ಬಂದಾಂವನ ಮಕ್ಕೋತಿದ್ದೆ. ಇವತ್ತು ನಿದ್ದಿ ಇಲ್ಲ. ಮೈ ಎಲ್ಲಾ ಝುಮ್ ಅನ್ನಾಕತ್ತೈತಿ. ಒಂದೊಂದಾಗಿ ಹೇಳ್ತೀನಿ.

ಮಧ್ಯಾಹ್ನ. ಹೂಡಿ ಹತ್ರ ದೊಡ್ಡ ಬಿಲ್ಡಿಂಗ್ ಸೈಟು, ಮಗ್ಗಲಕ ಕೆಲಸಗಾರರ ತಗಡಿನ ಶೆಡ್ಡು. ಮರೆಪ್ಪ ಅಂತ ಗೌಂಡಿ, ದೇವದುರ್ಗದ ಕಡಿಯಾಂವ. ಸಿಮೆಂಟ್ ಚೀಲದ ಮ್ಯಾಲೆ ಕುಂತಾನ, ಮೈಯೆಲ್ಲಾ ಬೆವರು, ಎಡಗೈ ಹಿಡಕೊಂಡಾನ. ಆದ್ರೂ "ಗ್ಯಾಸ್ ಆಗೈತಿ, ಸೋಡಾ ಕುಡದೀನಿ, ಹೋಗ್ತೈತಿ" ಅಂತಾನ. ಹೆಂಡ್ತಿ ಮಹಾನಂದಾ ಸೆರಗು ಬಾಯಾಗ ಇಟ್ಕೊಂಡು ನಿಂತಾಳ.

ಇಸಿಜಿ ತಗದೆ. ನೋಡಿದ್ಕೂಡ್ಲೇ ಗೊತ್ತಾತು. ಫೋಟೋ ಆಸ್ಪತ್ರಿಗೆ ಕಳಿಸಿದೆ. ಹಾರ್ಟ್ ಅಟ್ಯಾಕ್, ಈಗಿಂದೀಗ ಕರ್ಕೊಂಬರ್ರಿ ಅಂದ್ರು.

ತಲಿ ಎತ್ತಿದ್ರ ಎದುರಿಗೆ ಫೋನ್ ಕ್ಯಾಮೆರಾ. ಸೈಟಿನ ಸೇಫ್ಟಿ ಆಫೀಸರ್, ಸಿದ್ಧಾರ್ಥ್ ಅಂತ. ಸೈಟಿನ್ಯಾಗ ಏನರ ಆದ್ರ ವಿಡಿಯೋ ಮಾಡಿ ಮ್ಯಾಲೆ ಕಳಿಸ್ಬೇಕಂತ, ಅವರ ರೂಲ್ಸು. ನನ್ನ ಕಣ್ಣ ಮುಂದ ಕಿಟಕಿ ಇಲ್ಲದ ಸ್ಟೋರು ಬಂತು. ಅದಕ್ಕ ಚಂದಂಗಿ ಹೇಳಿದೆ:

"ಸಾರ್, ಗಾಬರಿ ಆಗಬೇಡಿ. ದಯವಿಟ್ಟು ಸಹಕರಿಸಿ. ನಿಮ್ಮನ್ನು ಆಸ್ಪತ್ರೆಗೆ ವರ್ಗಾಯಿಸಲಾಗುತ್ತದೆ."

ಮರೆಪ್ಪ ಹೆಂಡ್ತಿ ಕಡೆ ನೋಡಿದ. "ಏನಂತಾನ ಈ ಸಾಹೇಬ? ವರ್ಗಾ ಮಾಡ್ತಾನಂತ? ಏ, ನಾ ಯಾ ಸೈಟಿಗೂ ಹೋಗಾಂವಲ್ಲ! ನಾಳಿಗೆ ಸ್ಲ್ಯಾಬ್ ಐತಿ ಇಲ್ಲೆ."

"ಸೈಟ್ ಅಲ್ಲ ಸಾರ್, ಚಿಕಿತ್ಸೆ—"

"ನಾ ಯಾವುದಕ್ಕೂ ಸಹಿ ಹಾಕೂದಿಲ್ಲ!"

ಹಿಂದ ಸರದು ತಗಡಿಗೆ ಬೆನ್ನು ಹಚ್ಚಿ ಕುಂತ. ಮಾರಿ ಬೂದಿ ಆಗಿತ್ತು. ಅಂಬರೀಶಣ್ಣ ಕಿವ್ಯಾಗ ಅಂದ: "ಲೋ, ಮೆಟ್ರೋ ನಿಲ್ಸೋ! ನಿಮ್ ಕಡೆ ಮಾತಲ್ಲಿ ಹೇಳು. ಟೈಮಿಲ್ಲ ಮಗಾ."

ಕ್ಯಾಮೆರಾ ನೋಡಿದೆ. ಮರೆಪ್ಪನ್ನ ನೋಡಿದೆ.

ಬಿಟ್ಟೆ.

"ಏ ಮಾವಾ! ಗ್ಯಾಸಂತ ಗ್ಯಾಸು! ನೀ ಏನು ಸಿಲಿಂಡರೇನು? ಎದ್ಯಾಗ ನೆತ್ತರ ಹೆಪ್ಪಗಟ್ಟೈತಿ, ಇಲ್ಲಿ ಸೋಡಾ ಕುಡ್ಕೊಂತ ಕುಂತೀ! ಸ್ಲ್ಯಾಬ್ ಏನು ನಿಮ್ಮಪ್ಪಂದು? ಅಕ್ಕನ ಮಾರಿ ನೋಡು ಒಮ್ಮೆ, ಖೋಡಿ! ಹಿಂಗ ಕುಂತ್ರ ಸಾಯ್ತಿ. ಗಾಡಿ ಹತ್ತತೀಯೋ, ಹೆಗಲ ಮ್ಯಾಲೆ ಹೊತ್ಕೊಂಡು ಹೋಗ್ಲ್ಯೋ?"

ಸಿದ್ಧಾರ್ಥ್ ಸರ್ ಬಾಯಿ ತಕ್ಕೊಂಡು ನಿಂತಿದ್ರು, ಫೋನ್ ಮಾತ್ರ ಇಳಿಸಿರಲಿಲ್ಲ. ಮರೆಪ್ಪ ನನ್ನ ಮ್ಯಾಲಿಂದ ಕೆಳಗ ನೋಡಿದ. ಆ ಬೆವರಿನ್ಯಾಗ ಒಂದೀಟು ನಕ್ಕ.

"ಯಾವೂರ ಹುಡುಗಲೇ ನೀ?"

"ಲಿಂಗಸುಗೂರ."

"ಮತ್ತ ಮದ್ಲ ಹೇಳಬಾರದ? ಯಾವುದೋ ಆಫೀಸಿನಾಂವ ಅಂದ್ಕೊಂಡೆ." ಕೈ ಮುಂದ ಮಾಡಿದ.

ನಡ್ಯಾಕ ಬಿಡಲಿಲ್ಲ, ಸ್ಟ್ರೆಚರ್ ಮ್ಯಾಲೆ ತಗೊಂಡ್ವಿ. ಗಾಡ್ಯಾಗ ಗುಳಿಗಿ ಕೊಟ್ಟೆ, ಶೇಂಗಾ ಅಂತ ತಿಳ್ಕೊಂಡು ಅಗಿ ಮಾವಾ ಅಂದೆ. ಅಗದ. ಇನ್ನೇನು ಆಸ್ಪತ್ರಿ ಗೇಟ್ ಕಾಣ್ತೈತಿ... ಮಷಿನ್ನಿನ್ಯಾಗ ಗೆರಿ ಹುಚ್ಚುಚ್ಚಾರ ಕುಣೀತು. ಮರೆಪ್ಪ ಸಡ್ಲ ಬಿದ್ದ. ನಾಡಿ ಇಲ್ಲ. ಮಹಾನಂದಕ್ಕ ಚೀರಿದಳು. ಕೈ ತಂತಾನ ಓಡ್ಯಾಡಿತು — ಪ್ಯಾಡ್ ಹಚ್ಚಿದೆ, ಎಲ್ಲಾರೂ ದೂರ, ಶಾಕ್. ಎದಿ ಒತ್ತಿದೆ. ಒತ್ತಿದೆ. ಒತ್ತಿದೆ...

ಕೆಮ್ಮಿದ.

ಕಣ್ಣು ಬಿಟ್ಟ. ಮದಲನೇ ಮಾತು: "ಯಾಕ ಒದ್ದೀ ಲೇ?"

ನಾ ಅಳಾಕ ಸುರು ಮಾಡಿದೆ. ನಗಾಕೂ. ಎರಡೂ ಕೂಡೇ ಬರ್ತಾವ ಅಂತ ಟ್ರೇನಿಂಗಿನ್ಯಾಗ ಹೇಳಿರಲಿಲ್ಲ.

ಜೂನ್ 25. ರಾತ್ರಿ

ಮರೆಪ್ಪ ಮಾವಗ ಸ್ಟೆಂಟ್ ಹಾಕ್ಯಾರ. ಅರಾಮ ಅದಾನಂತ.

ವಿಡಿಯೋ ಆಫೀಸಿಗೆ ಮುಟ್ಟೈತಿ. ಅದು ಸಾಲದಂಗ, ವಾರ್ಡಿನ ಸಿಸ್ಟರ್ ಆಫೀಸಿಗೆ ಫೋನ್ ಮಾಡ್ಯಾರ: "ನಿಮ್ಮ ಆಂಬುಲೆನ್ಸ್ ಹುಡುಗ ಎದೆಗೆ ಒದ್ದ ಅಂತ ಪೇಶಂಟ್ ಎಲ್ಲರ ಹತ್ರ ಹೇಳ್ತಿದ್ದಾರೆ." ಯಪ್ಪಾ ಮಾವಾ! ನಿನ್ನ ಜೀವಾ ಉಳೀತು, ನನ್ನ ನೌಕರಿ ತಿಂದಿ.

ಭಾನುಪ್ರಕಾಶ್ ಸರ್ ಹೆಲ್ಮೆಟ್ ಹಾಕ್ಕೊಂಡು ಹೊಂಟುಬಿಟ್ರು.

ಅಂಬರೀಶಣ್ಣ ಕೇಳಿದ, "ಬೈಬಾರ್ದಿತ್ತು ಅನ್ನಿಸ್ತಾ?"

ಇಲ್ಲ. ಸ್ಟೋರಿಗೆ ಹಾಕಿದ್ರ ಹಾಕ್ಲಿ... ಹಿಂಗಂತೀನಿ. ಆದ್ರ ಇವತ್ತು ಮತ್ತೊಮ್ಮೆ ಸ್ಟೋರ್ ನೋಡಿ ಬಂದೆ.

ಜೂನ್ 30, ಸೋಮವಾರ

ಆಫೀಸಿಗೆ ಕರದ್ರು. ಟೇಬಲ್ ಮುಂದ ನಿಂತೆ. ಭಾನುಪ್ರಕಾಶ್ ಸರ್ ಫೋನಿನ್ಯಾಗ ವಿಡಿಯೋ ಹಚ್ಚಿದ್ರು. "ನೀ ಏನು ಸಿಲಿಂಡರೇನು?" ಅಂತ ನನ್ನ ದನಿ ರೂಮ್ ತುಂಬ. ನೆಲ ನೋಡ್ಕೊಂತ ನಿಂತೆ.

"ಆ ದಿವ್ಸ ಹೆಲ್ಮೆಟ್ ಹಾಕ್ಕೊಂಡು ಆಸ್ಪತ್ರೆಗೇ ಹೋಗಿದ್ದೆ," ಅಂದ್ರು. "ಒದ್ದಿದ್ದು ನಿಜಾನಾ ಅಂತ ಮರೆಪ್ಪನ್ನ ಕೇಳ್ದೆ. ನಿಜಾ ಸಾರ್ ಅಂದ. ಬೈದಿದ್ದು? ಅದೂ ನಿಜಾ ಅಂದ. ಕಂಪ್ಲೇಂಟ್ ಕೊಡ್ತೀರಾ ಅಂದ್ರೆ ಅವನ ಹೆಂಡ್ತಿಗೆ ಸಿಟ್ಟು ಬಂದ್ಬಿಡ್ತು ಕಣಯ್ಯ. ಆ ಹುಡುಗನ್ನ ಏನರೆ ಅಂದ್ರ ನಿಮ್ಮ ಆಫೀಸಿನ ಮುಂದ ಬಂದು ಕುಂಡ್ರತೀನಿ ಅಂದ್ರು. ಮಷಿನ್ ರೆಕಾರ್ಡೂ ನೋಡ್ದೆ. ಆ ಒದೆತ ಬೇಕಾಗಿತ್ತು."

ನಾ ಬರೇ ತಲಿ ಅಲ್ಲಾಡಿಸಿದೆ. ಬಾಯಿ ಮ್ಯಾಲೆ ನಂಬಿಕಿ ಇರಲಿಲ್ಲ.

"ಈ ಕಡೆ ಶೆಡ್‌ಗಳಿಂದ ಕಾಲ್ ಬಂದ್ರೆ ನಿಮ್ಮಿಬ್ಬರ ಗಾಡೀನೇ ಕಳಿಸ್ತೀನಿ. ಅಪಾರ್ಟ್‌ಮೆಂಟಲ್ಲಿ ಮಾತ್ರ ಸ್ವಲ್ಪ... ಮೆಟ್ರೋ ತರ ಇರು. ಕನ್ಫರ್ಮ್ ಮಾಡಿದೀನಿ. ಹೋಗು, ಗಾಡಿ ತೊಳಿ."

ಎಷ್ಟು ಉಜ್ಜಿ ತೊಳದೆ ಅಂದ್ರ, ಅಂಬರೀಶಣ್ಣ "ಬಣ್ಣನಾದ್ರೂ ಬಿಡೋ, ಸಾಕು" ಅಂದ.

ಜುಲೈ 7. ರಾತ್ರಿ 12.15

ಹೊಸ ಅಂಗಿ ಬಂತು. ಟ್ರೇನಿ ಅಂತ ಇಲ್ಲ ಈಗ. ಎದಿ ಮ್ಯಾಲೆ ನನ್ನ ಹೆಸರು, ನೀಲಿ ದಾರದಾಗ ಹೊಲದಾರ. ಊರಾಗ ನಾನು ಹಣಮಂತ. ಅಂಗಿ ಮ್ಯಾಲೆ, ಈ ಕಡೆಯವರಂಗ, ಹನುಮಂತಯ್ಯ.

ಅಂಬರೀಶಣ್ಣ ಹೊಟ್ಟಿ ಹಿಡಕೊಂಡು ನಕ್ಕ. "ಬಾ ಹನುಮಂತಯ್ಯ! ವರ್ತೂರಲ್ಲಿ ಸೈಟ್ ತಗೊಂಡ್ಯಾ? ಹೆಣ್ಣು ನೋಡೋದಾ?"

ಬದಲಿ ಮಾಡಿಸ್ಬೇಕು. ಭಾನುಪ್ರಕಾಶ್ ಸರ್‌ಗೆ ಹೇಳಿದ್ರ ಮಾಡಿಸ್ತಾರ. ಆದ್ರ ಅಂಗಿ ಕೊಟ್ಟು ಕಳಿಸ್ಬೇಕಂತ, ವಾಪಸ್ ಬರೋತನ ಹಳೇದ ಹಾಕ್ಕೋಬೇಕಂತ. ಅದು ಆಗೂದಿಲ್ಲ. ಇರ್ಲಿ ಬಿಡು, ಹನುಮಂತಯ್ಯನೂ ಚಲೋ ಮನಶ್ಯಾ ಇದ್ದಾನು.

ಕಾಯಂ ಆದ್ರ ಗಡದ್ದ ನಿದ್ದಿ ಬರ್ತೈತಿ ಅಂದ್ಕೊಂಡಿದ್ದೆ. ಎಲ್ಲಿ ಬರ್ತೈತಿ? ಯಾವಾಗ ಹೊತ್ತು ಹೊಂಡ್ತೈತಿ, ಯಾವಾಗ ಗಾಡಿ ಹತ್ತೇನು ಅಂತ... ಯಾ ನೌಕರಿಗೂ ಹಿಂಗ ಆಗಿರಲಿಲ್ಲ. ಅಂಗಿ ರೂಮಿನ್ಯಾಗ ಗ್ವಾಡಿ ಗೂಟಕ್ಕ ಹಾಕೀನಿ. ರೇವಣಸಿದ್ದ ಮಗ್ಗಲು ಹೊಳ್ಳಿದ್ರ ಕೈ ಬಡೀತೈತಿ, ಇಸ್ತ್ರಿ ಮುರೀತೈತಿ. ತಡಿ, ಒಮ್ಮೆ ನೋಡಿ ಬರ್ತೀನಿ, ಹಂಗ ಒಂದ್ಸಲ ಮೈ ಮ್ಯಾಲೆ ಹಾಕ್ಕೊಂಡು—