ಜಾಡಿಗಳಿಲ್ಲದ ಮುಚ್ಚಳಗಳು

ತರ್ನೊವೊ, ಹುಡುಗಿಯರ ಹಾಸ್ಟೆಲು
ಗುರುವಾರ, ಅಕ್ಟೋಬರ್

ನನ್ನ ಸ್ತೋಯ್ಕಾ ಅಜ್ಜಿಗೆ,

ಈ ಕಾಗದ ಕೈಗೆ ಸಿಗುವ ಮೊದಲೇ ಚೀಲ ಹಗುರವಾಗಿದೆ ಎಂದು ನಿನಗೆ ಗೊತ್ತಾಗಿರುತ್ತದೆ. ಮಿಂಚೋ ಮಾವ ಎಂದಿನಂತೆ ಬಸ್ಸಿನ ಡ್ರೈವರ್ ಸೀಟಿನಿಂದ ಇಳಿಯದೆ ಕಿಟಕಿಯಿಂದಲೇ ಕೊಟ್ಟಿರುತ್ತಾನೆ. ನೀನು ಭಾರ ಹೊರಲು ಎರಡೂ ಕೈ ಚಾಚಿ ನಿಂತಿರುತ್ತೀಯ. ಬಿಚ್ಚಿ ನೋಡಿದರೆ ಬರೀ ಮುಚ್ಚಳಗಳು. ನಿನ್ನ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿರುವ, ಬೇರೆ ಯಾರ ಮನೆಯವೂ ಅಲ್ಲದ, ನಿನ್ನವೇ ಮುಚ್ಚಳಗಳು. ಜಾಡಿ ಒಂದೂ ಇಲ್ಲ. ಇನ್ನೊಮ್ಮೆ ಚೀಲ ಕೊಡವಿ ನೋಡಬೇಡ ಅಜ್ಜಿ. ಇಲ್ಲ.

ಭಾನುವಾರ ಫೋನಿನಲ್ಲಿ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. “ದಪ್ಪ ಮೆಣಸಿನಕಾಯಿ ಈ ಸಲ ಬಿಟ್ಟಿರೋದು ನೋಡಿದ್ರೆ ಗಿಡಕ್ಕೇ ನಾಚಿಕೆ ಆಗ್ಬೇಕು ಕಣೇ! ಜಾಡಿ ಸಾಲಲ್ಲ. ನಿನ್ನ ಹತ್ರ ಇರೋದೆಲ್ಲ ಶುಕ್ರವಾರ ಮಿಂಚೋ ಕೈಲಿ ಕಳ್ಸು. ಶನಿವಾರ ಕೊಪ್ಪರಿಗೆ ಇಡ್ತೀನಿ. ಆಮೇಲೆ ಹಿಮ ಬಿದ್ರೆ ಎಲ್ಲಾ ಕೊಳೆತು ಹೋಗತ್ತೆ.” ನಾನು ಏನೆಂದೆ? “ತೊಳೆದು ಇಟ್ಟಿದ್ದೀನಿ ಅಜ್ಜಿ,” ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಕ್ಲಾಸಿನಲ್ಲಿ ಮೇಷ್ಟ್ರು ಹೆಸರು ಕರೆದರೆ ಸಾಕು, ನನಗೆ ಗೊತ್ತಿರುವ ಉತ್ತರವೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ನಿನಗೆ ಸುಳ್ಳು ಹೇಳುವಾಗ ಮಾತ್ರ ಒಂದು ಅಕ್ಷರವೂ ತೊದಲಲಿಲ್ಲ.

ಅದರ ಮೇಲೆ ನೀನು ಇನ್ನೊಂದು ಮಾತು ಹೇಳಿದೆ. “ಈ ಸಲ ಕೊಪ್ಪರಿಗೆ ತಿರುವೋ ಸೌಟು ನಿನ್ನ ಕೈಗೆ. ನಿಮ್ಮಮ್ಮ ಇಂಗ್ಲೆಂಡಿಗೆ ಹೋದ್ಮೇಲೆ ಅದನ್ನ ಯಾರಿಗೂ ಕೊಟ್ಟಿಲ್ಲ ನಾನು.” ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ, ಅಳುವ ಸದ್ದು ಯಾರಿಗೂ ಕೇಳದಿರಲೆಂದು ನಲ್ಲಿ ಬಿಟ್ಟುಕೊಂಡು ನಿಂತೆ. ನೀರು ಪೋಲು ಮಾಡಬಾರದೆಂದು ಆ ನಲ್ಲಿಯ ಮೇಲೆ ಚೀಟಿ ಅಂಟಿಸಿದವಳೂ ನಾನೇ.

ಆ ಸೌಟು ನನಗೆ ಬೇಕು ಅಜ್ಜಿ. ಅದಕ್ಕೇ ನಡೆದದ್ದನ್ನೆಲ್ಲ ನಡೆದ ಹಾಗೇ ಹೇಳಬೇಕು.

ಇಂಗ್ಲೆಂಡಿನಿಂದ ಓದಲು ಇಲ್ಲಿಗೆ ಬಂದ ಮೊದಲ ವಾರ ನಾನು ಬಾಯಿ ತೆರೆದರೆ ಹುಡುಗಿಯರು ನಗುತ್ತಿದ್ದರು. ಕೆಟ್ಟ ನಗೆಯೇನಲ್ಲ. ಅಪ್ಪನ ಕಡೆಯ ಇಂಗ್ಲಿಷ್ ನಾಲಿಗೆಯಲ್ಲಿ ಅಮ್ಮನ ಕಡೆಯ ಮಾತಾಡುವವಳನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ನನ್ನ ರೂಮಿನ ಬಿಲ್ಯಾನಾ ಮೊದಲ ದಿನವೇ “ಬಾರಮ್ಮಾ ಇಂಗ್ಲೆಂಡಿನ ಮಹಾರಾಣಿ, ನಿನ್ನ ಸಿಂಹಾಸನ ಆ ಮೂಲೇಲಿದೆ, ಒಂದು ಕಾಲು ಅಲ್ಲಾಡತ್ತೆ ನೋಡ್ಕೊಂಡು ಕೂತ್ಕೋ,” ಅಂದಿದ್ದಳು. ಅದಾದ ಮೇಲೆ ಹಾಸ್ಟೆಲಿನಲ್ಲಿ ‘ಹಸಿರು ವಾರ’ ಬಂತು. ಕಡಿಮೆ ಖರ್ಚಿನಲ್ಲಿ ಪರಿಸರಕ್ಕೆ ಹಿತವಾಗಿ ಬದುಕುವುದು ಹೇಗೆಂದು ತೋರಿಸಿಕೊಡಲು ಪ್ರತಿ ಮಹಡಿಗೂ ಒಬ್ಬಳು ಬೇಕಿತ್ತು. ನಾನು ಕೈ ಎತ್ತಿದೆ. ನಾನು, ಅಂಗಡಿಯಲ್ಲಿ ಬ್ರೆಡ್ಡು ಕೇಳಲು ಎರಡು ಸಲ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಳ್ಳುವವಳು! ಆದರೆ ಕಸದ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷಕ್ಕೆ ಇಂಗ್ಲೆಂಡಿನಲ್ಲಿ ಹಾಸ್ಟೆಲು ಸೇರಿದವಳಿಗೆ ಅಲ್ಲಿ ಕಲಿಸಿದ್ದೇ ಅದು. ಯಾವ ಬಣ್ಣದ ಡಬ್ಬಕ್ಕೆ ಯಾವ ಕಸ. ಸರಿಯಾಗಿ ಹಾಕಿದವರಿಗೆ ಅಂಕ.

ಕೆಲವು ಒಳ್ಳೆಯ ಕೆಲಸಗಳನ್ನೂ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ನೆಲ ಒರೆಸಲು ಘಾಟು ಹೊಡೆಯುವ ಬಾಟಲಿ ದ್ರಾವಣ ಬಿಟ್ಟು ವಿನೆಗರ್ ಮತ್ತು ಸೋಡಾಪುಡಿ ತಂದೆವು. ಹಳೆಯ ಅಂಗಿ ಹರಿದು ಒರೆಸುವ ಬಟ್ಟೆ ಮಾಡಿಕೊಂಡೆವು. ಬಟ್ಟೆ ಒಗೆಯುವ ಮಷೀನು ತುಂಬುವವರೆಗೆ ಕಾಯಲು ನಾಲ್ಕು ರೂಮಿನವರು ಒಪ್ಪಿದರು. ಬೀನ್ಸು, ಬೇಳೆಯನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳದೆ ಸಂತೆಯಲ್ಲಿ ಬಟ್ಟೆಯ ಚೀಲಕ್ಕೆ ಅಳೆಸಿಕೊಂಡು ಬಂದೆವು. ಪ್ರತಿಯೊಂದನ್ನು ಹೇಳಿದಾಗಲೂ ಬಿಲ್ಯಾನಾ ಹಾಸಿಗೆ ಮೇಲೆ ಮಲಗಿಕೊಂಡೇ, “ನಮ್ಮಜ್ಜಿ ಹುಟ್ಟಿದಾಗಿಂದ ಹಸಿರೇ ಬಿಡು. ಆಗ ಅದಕ್ಕೆ ಬಡತನ ಅಂತಿದ್ರು,” ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆದರೆ ಈ ಸಲ ನನ್ನ ಜೊತೆ ನಗುತ್ತಿದ್ದರು. ನನಗದು ಹೊಸದು.

ಇನ್ನು ಜಾಡಿಗಳ ವಿಷಯ.

ಇಲ್ಲಿ ಪ್ರತಿ ಮಂಚದ ಕೆಳಗೂ ಖಾಲಿ ಜಾಡಿಗಳಿದ್ದವು. ಹಿರಿಯ ಹುಡುಗಿಯರ ಹತ್ತಿರ ಹೋದ ಚಳಿಗಾಲದವೂ ಇದ್ದವು. ಶುಕ್ರವಾರದ ಬಸ್ಸಿನಲ್ಲಿ ತುಂಬಿ ಬರುವುದು, ತಿಂದು ತೊಳೆದು ಶುಕ್ರವಾರದ ಬಸ್ಸಿನಲ್ಲಿ ಖಾಲಿ ಹೋಗುವುದು. ಇದನ್ನು ನನಗೆ ಯಾರೂ ಹೇಳಲಿಲ್ಲ. ಉಸಿರಾಡುವುದು ಹೇಗೆಂದು ಯಾರಾದರೂ ಹೇಳುತ್ತಾರೆಯೇ? ಹಸಿರು ವಾರದ ಕೊನೆಯ ದಿನ ಒಂದು ಪಂದ್ಯವಿತ್ತು. ಬೀದಿಯ ಕೊನೆಯಲ್ಲಿ ಗಾಜಿಗೆಂದೇ ಇಟ್ಟಿರುವ ದೊಡ್ಡ ಹಸಿರು ಡಬ್ಬಕ್ಕೆ ಯಾವ ಮಹಡಿಯವರು ಹೆಚ್ಚು ಗಾಜು ಹಾಕುತ್ತಾರೋ ಅವರಿಗೆ ಬಹುಮಾನ. ಎಲ್ಲರೂ ಕ್ಲಾಸಿಗೆ ಹೋಗಿದ್ದ ಹೊತ್ತಿನಲ್ಲಿ ಕೈಗಾಡಿ ತಂದು, ಬೀಗ ಹಾಕದ ರೂಮುಗಳಿಂದ, ಮಂಚಗಳ ಕೆಳಗಿಂದ, ಕಿಟಕಿ ಕಟ್ಟೆಗಳಿಂದ ಎಲ್ಲ ಜಾಡಿಗಳನ್ನೂ ಬಳಿದುಕೊಂಡು ಹೋದೆ. ನಿಯಮದ ಪ್ರಕಾರ ಲೋಹ ಬೇರೆ, ಗಾಜು ಬೇರೆ. ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದು ಬುಟ್ಟಿಗೆ ಹಾಕಿದೆ. ಜಾಡಿಗಳನ್ನು ಡಬ್ಬದ ಬಾಯಿಗೆ ಹಾಕಿದೆ. ಒಳಗೆ ಬಿದ್ದು ಒಡೆಯುವ ಸದ್ದು ಎಷ್ಟು ಚೆನ್ನಾಗಿತ್ತು ಗೊತ್ತಾ? ಪ್ರತಿ ಸಲವೂ ಯಾರೋ ನನಗೆ ಅಂಕ ಕೊಟ್ಟ ಹಾಗಿತ್ತು.

ನಮ್ಮ ಮಹಡಿಯೇ ಗೆದ್ದಿತು. ‘ಭೂಮಿಯನ್ನು ಉಳಿಸಿ’ ಎಂದು ಬರೆದ ಬಟ್ಟೆಯ ಚೀಲ ಬಹುಮಾನ.

ಸಂಜೆ ಬಿಲ್ಯಾನಾ ಬಗ್ಗಿ ಮಂಚದ ಕೆಳಗೆ ನೋಡಿದಳು. ಎದ್ದು ನನ್ನ ಮುಖ ನೋಡಿದಳು. “ನನ್ನ ಜಾಡಿ ಎಲ್ಲೇ?” ಹೇಳಿದೆ. “ಡಬ್ಬಕ್ಕಾ? ಯಾವ ಡಬ್ಬಕ್ಕೆ? ಹೊರಗಿನ ಡಬ್ಬಕ್ಕಾ? ಅಯ್ಯೋ ನಿನ್ನ ಮನೆ ಕಾಯ! ಭೂಮಿ ಉಳೀತು ಕಣೇ, ನಾನು ಉಳಿಯಲ್ಲ. ನಮ್ಮಜ್ಜಿ ನನ್ನನ್ನೇ ಉಪ್ಪಿನಕಾಯಿ ಹಾಕ್ತಾಳೆ. ಯಾವುದ್ರಲ್ಲಿ ಹಾಕ್ತಾಳೆ ಅಂತೀಯಾ? ಜಾಡೀನೇ ಇಲ್ವಲ್ಲ!” ಅಷ್ಟರಲ್ಲಿ ಒಂದೊಂದೇ ರೂಮಿನಿಂದ ಕೂಗು ಶುರುವಾಯಿತು. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಓಡಿದರು. ಬಿಲ್ಯಾನಾ ಡಬ್ಬದ ತೂತಿನೊಳಗೆ ಭುಜದವರೆಗೆ ಕೈ ಹಾಕಿ, ಕೋಟು ತೂಗುಹಾಕುವ ತಂತಿಯಿಂದ ತಡಕಾಡಿ, ಕೊನೆಗೆ ಎಳೆದದ್ದು ಯಾರೋ ಕುಡಿದು ಎಸೆದ ಬಿಯರ್ ಬಾಟಲಿ. “ತಗೋ ಮಹಾರಾಣಿ, ಕಪ್ಪಕಾಣಿಕೆ,” ಎಂದು ನನ್ನ ಕೈಗಿಟ್ಟಳು. ಯಾರೂ ನಗಲಿಲ್ಲ. ಆ ಬಹುಮಾನದ ಚೀಲವನ್ನು ನಮ್ಮ ರೂಮಿನ ಬಾಗಿಲ ಹಿಡಿಗೆ ನೇತುಹಾಕಿದ್ದಾಳೆ. ಇನ್ನೂ ಅಲ್ಲೇ ಇದೆ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಮಿಂಚೋ ಮಾವ ನನ್ನ ಬರಿಗೈ ನೋಡಿ, “ಏನಮ್ಮಾ, ಈ ವಾರ ಜಾಡಿ ಸಮೇತ ತಿಂದುಬಿಟ್ಯಾ?” ಅಂದ. ಹಲ್ಲು ಬಿಟ್ಟು ನಕ್ಕು ಬಂದುಬಿಟ್ಟೆ.

ಇಲ್ಲಿಯವರೆಗೆ ಹೇಳಿದ್ದು ತಿಳಿಯದೆ ಮಾಡಿದ ತಪ್ಪಿನ ಹಾಗೆ ಕಾಣುತ್ತದೆ, ಅಲ್ಲವಾ? ಹುಡುಗಿಯರಿಗೆ ಹಾಗೇ ಹೇಳಿದ್ದೇನೆ. ಇಂಗ್ಲೆಂಡಿನಲ್ಲಿ ಹೀಗೇ ಮಾಡೋದು, ನನಗೆ ಗೊತ್ತಿರಲಿಲ್ಲ ಅಂತ. ಅವರ ಜಾಡಿಗಳ ಮಟ್ಟಿಗೆ ಅದು ನಿಜ. ನಿನ್ನ ಜಾಡಿಗಳ ಮಟ್ಟಿಗೆ ನಿಜವಲ್ಲ.

ನಿನ್ನವು ನನಗೆ ಗೊತ್ತಿದ್ದವು ಅಜ್ಜಿ. ಆಗಸ್ಟಿನಲ್ಲಿ ನೀನೇ ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಒಂದೊಂದನ್ನೇ ತೋರಿಸಿದ್ದೆ. ಇದು ನಮ್ಮತ್ತೆ ಕೊಟ್ಟದ್ದು, ಇದು ಬಾಯಿ ಸ್ವಲ್ಪ ಸೊಟ್ಟ, ಇದರಲ್ಲಿ ನಿಮ್ಮಮ್ಮ ಮಿಣುಕುಹುಳ ಹಿಡಿದಿಟ್ಟಿದ್ದಳು. ಆ ಮಿಣುಕುಹುಳದ ಜಾಡಿಯಲ್ಲೇ ನೀನು ನನಗೆ ಮೆಣಸಿನಕಾಯಿ ಗೊಜ್ಜು, ಲ್ಯುತೆನಿತ್ಸಾ ಕಳಿಸಿದ್ದೆ. ಬೆಂಕಿಯಲ್ಲಿ ಸುಟ್ಟ ಮೆಣಸಿನಕಾಯಿಯ ಹೊಗೆವಾಸನೆ, ಬೆಳ್ಳುಳ್ಳಿ ವಾಸನೆ ರೂಮಿಗೆಲ್ಲ ಹರಡಿತ್ತು. ಜಾಡಿಯ ಮೈಮೇಲೆ ಯಾವುದೋ ಹಳೆಯ ಉಪ್ಪಿನಕಾಯಿಯ ಚೀಟಿ ಅರ್ಧ ಅಂಟಿಕೊಂಡಿತ್ತು. ಬಾಯಿಗೆ ಪ್ಲಾಸ್ಟಿಕ್ ಕವರು ಕಟ್ಟಿದ್ದೆ, ನೀನು ತೊಳೆದು ತಂತಿಯ ಮೇಲೆ ಸಾಕ್ಸಿನ ಪಕ್ಕ ಒಣಗಿಸುತ್ತೀಯಲ್ಲ, ಆ ಕವರು. ನನಗೆ ನಾಚಿಕೆಯಾಯಿತು. ಹೀಗೆ ಬರೆಯಲೂ ಆಗುತ್ತಿಲ್ಲ, ಆದರೂ ಬರೆಯುತ್ತೇನೆ. ನಿನ್ನ ಜಾಡಿ ಕಂಡು ನನಗೆ ನಾಚಿಕೆಯಾಯಿತು. ಎಲ್ಲರ ಮಂಚದ ಕೆಳಗೂ ಅಂಥವೇ ಇರುವಾಗ ನನಗೊಬ್ಬಳಿಗೇ ನಾಚಿಕೆಯಾಯಿತು. ಲ್ಯುತೆನಿತ್ಸಾವನ್ನು ಆನ್‌ಲೈನಿನಲ್ಲಿ ತರಿಸಿದ ಬಿದಿರು ಮುಚ್ಚಳದ ಚಂದದ ಡಬ್ಬಿಗೆ ಸುರಿದು ಕಿಟಕಿಯಲ್ಲಿಟ್ಟು ಫೋಟೋ ತೆಗೆದೆ. ಬಿದಿರಿಗೆ ವಾರದಲ್ಲಿ ಬೂಷ್ಟು ಹಿಡಿಯಿತು. ನಿನ್ನ ಕೈಯಡುಗೆ ಚೆಲ್ಲಿದೆ. ಆಹಾರ ಪೋಲು ಮಾಡಬೇಡಿ ಎಂಬ ಚೀಟಿ ಬರೆದದ್ದೂ ಅದೇ ವಾರ.

ಆ ದಿನ ಕೈಗಾಡಿಯಲ್ಲಿ ಎಲ್ಲಕ್ಕಿಂತ ಮೊದಲು ಹೇರಿದ್ದು ನಿನ್ನ ಜಾಡಿಗಳನ್ನೇ. ಮಿಣುಕುಹುಳದ ಜಾಡಿ ಕೈಗೆ ಬಂದಾಗ ಗುರುತು ಹತ್ತಿತು. ಒಂದು ಗಳಿಗೆ ಹಿಡಿದುಕೊಂಡೇ ನಿಂತೆ. ಆಮೇಲೆ ಹಾಕಿದೆ. ಪರಿಸರ, ಭೂಮಿ ಎಲ್ಲ ನನಗೆ ಸಿಕ್ಕ ನೆಪ. ಮಂಚದ ಕೆಳಗೆ ಸ್ವಚ್ಛವಾಗಿರಬೇಕಿತ್ತು, ನಾನು ಎಲ್ಲಿಯವಳೆಂದು ಏನೂ ಹೇಳದ ಹಾಗೆ ಇರಬೇಕಿತ್ತು.

ಯಾಕೆ ಹೀಗಾದೆ ಎಂದು ಈ ವಾರವೆಲ್ಲ ಯೋಚಿಸಿದೆ. ಹಾಸ್ಟೆಲಿನಲ್ಲಿ ಬೆಳೆದವಳಿಗೆ ತಟ್ಟೆ ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ. ಇದನ್ನು ವಾಪಸು ಕೊಡಬೇಕು, ಅಲ್ಲೊಬ್ಬರು ಕಾಯುತ್ತಿದ್ದಾರೆ ಎನ್ನುವಂಥ ಒಂದು ಪಾತ್ರೆಯೂ ನನ್ನ ಕೈಗೆ ಬಂದಿರಲಿಲ್ಲ. ಮೊದಲ ಸಲ ಬಂದದ್ದು ನಿನ್ನಿಂದ. ಅದನ್ನು ಒಡೆದು ಅಂಕ ಗಿಟ್ಟಿಸಿದೆ. ಇದು ಸಬೂಬಲ್ಲ. ಸಬೂಬು ಹೇಳಿದರೆ ನೀನು ಹುಬ್ಬು ಎತ್ತುವ ರೀತಿ ನನಗೆ ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಈಗಲೂ ಸೋಲೊಪ್ಪುವುದಿಲ್ಲ, ಬೈದರೂ ಸರಿ. ಹರಿದ ಕವರುಗಳನ್ನು ಒಲೆಗೆ ಹಾಕಬೇಡ. ಆಗಸ್ಟಿನಲ್ಲಿ ನಾನು ಕಿರುಚಿದಾಗ ನೀನು “ಅದು ಚೆನ್ನಾಗಿ ಉರಿಯತ್ತೆ, ನಿನಗೇನು ತೊಂದ್ರೆ?” ಅಂದಿದ್ದೆ. ಆ ಹೊಗೆ ನಿನ್ನ ಎದೆಗೇ ಹೋಗುತ್ತದೆ ಅಜ್ಜಿ. ಕವರುಗಳನ್ನು ಕೂಡಿಡು, ನಾನೇ ಇಲ್ಲಿಗೆ ತಂದು ಹಾಕುತ್ತೇನೆ. ಯಾವ ಡಬ್ಬಕ್ಕೆ ಏನು ಹಾಕಬೇಕೆಂದು ಈಗ ಮೊದಲು ಕೇಳಿಕೊಂಡು ಹಾಕುತ್ತೇನೆ.

ಹೊಸ ಜಾಡಿ ಕೊಂಡು ತರೋಣ ಎಂದುಕೊಂಡೆ. ಬಿಲ್ಯಾನಾ ತಡೆದಳು. “ಅಜ್ಜಿಗೆ ಹೊಸ ಜಾಡಿ ಕೊಡ್ತೀಯಾ? ಅದರ ಬದಲು ಹೋಗಿ ನಾಲ್ಕು ಬೈಗುಳ ತಿನ್ನು, ಅಗ್ಗ ಬೀಳತ್ತೆ.” ಅವಳು ಬೈಯುತ್ತಲೇ ನನ್ನ ಜೊತೆ ಬಂದಳು. ಕಾಫಿ ಅಂಗಡಿಗಳಲ್ಲಿ, ಹಾಸ್ಟೆಲಿನ ಅಡುಗೆಮನೆಯಲ್ಲಿ, ಗೇಟಿನ ಹೆಂಗಸಿನ ಹತ್ತಿರ ಖಾಲಿ ಜಾಡಿ ಬೇಡಿದೆವು. ಅಪರಿಚಿತರ ಎದುರು ಬಾಯಿ ಬಿಡಲು ಹೆದರುವ ನಾನೇ ಕೇಳಿದೆ. ನನ್ನ ಉಚ್ಚಾರಕ್ಕೆ ಕೆಲವರು ನಕ್ಕರು. ನಗಲಿ. ಸಿಕ್ಕಿದ್ದನ್ನು ಮೊದಲು ನಮ್ಮ ಮಹಡಿಯ ಹುಡುಗಿಯರಿಗೆ ಹಂಚಿದೆ. ನಿನ್ನ ಪಾಲಿಗೆ ಉಳಿದವು ಕಡಿಮೆ. ಒಂದೊಂದೂ ಒಂದೊಂದು ಅಳತೆ, ಎಲ್ಲದರಲ್ಲೂ ಬೇರೆಯವರ ಮನೆಯ ಸೌತೆ ಉಪ್ಪಿನಕಾಯಿಯ ವಾಸನೆ. ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ನಿನ್ನ ಮುಚ್ಚಳಗಳನ್ನು ಒಂದೊಂದಾಗಿ ಕೂರಿಸಿ ನೋಡಿದೆ. ಕೂರಲಿಲ್ಲ. ಒಂದು ಸಡಿಲ, ಇನ್ನೊಂದು ಬಿಗಿ. ಕೊನೆಗೆ ಒಂದೇ ಒಂದು ಸರಿಯಾಗಿ ತಿರುಗಿ ಕೂತಿತು. ಆ ಮುಚ್ಚಳ ಚೀಲದಲ್ಲಿಲ್ಲ, ನನ್ನ ಹತ್ತಿರ ಇದೆ.

ಶುಕ್ರವಾರ ಸಂಜೆಯೇ ಮಿಂಚೋ ಮಾವ ಹಿಂತಿರುಗುವಾಗ ಈ ಚೀಲವನ್ನು ಅವನ ಕೈಲಿ ವಾಪಸು ಕಳಿಸು. ತಿನ್ನಲು ಏನೂ ಇಡಬೇಡ. ಖಾಲಿ ಚೀಲ ಬಂದರೆ ಬಾ ಅಂದಿದ್ದೀಯ ಎಂದು ತಿಳಿದುಕೊಂಡು ಶನಿವಾರದ ಮೊದಲ ಬಸ್ಸಿಗೆ ಬರುತ್ತೇನೆ. ಸೌಟನ್ನು ಈ ಸಲ ಕೊಡಬೇಡ, ನಾನೇ ಕೇಳುವುದಿಲ್ಲ. ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯಲು ಕೂರಿಸು. ಉಗುರಿನ ಕಪ್ಪು ವಾರವಿಡೀ ಹೋಗುವುದಿಲ್ಲ ಅನ್ನುತ್ತಿದ್ದೆಯಲ್ಲ, ಹೋಗದಿರಲಿ. ಸೋಮವಾರ ಆ ಬೆರಳುಗಳನ್ನೇ ಕ್ಲಾಸಿನಲ್ಲಿ ಬೆಂಚಿನ ಮೇಲಿಟ್ಟುಕೊಂಡು ಕೂರುತ್ತೇನೆ.

ಚೀಲ ಬರದಿದ್ದರೂ ಬರುತ್ತೇನೆ ಅಜ್ಜಿ. ಆಗ ಬೇಲಿಯ ಹೊರಗೆ ನಿಂತಿರುತ್ತೇನೆ, ಕೈಯಲ್ಲಿ ನಿನ್ನ ಮುಚ್ಚಳ ಕೂತ ಆ ಒಂದು ಜಾಡಿ ಹಿಡಿದುಕೊಂಡು. ಜಾಡಿಯನ್ನಾದರೂ ಒಳಗೆ ತೆಗೆದುಕೋ.

ಶನಿವಾರದವರೆಗೆ ಹಿಮ ಬೀಳದಿರಲಿ. ಬೆಂಕಿ ಒಂದೇ ಸಲಕ್ಕೆ ಹತ್ತಲಿ. ನಿನ್ನ ಕೈಗಳು ಗಟ್ಟಿಯಾಗಿರಲಿ.

ತಲೆ ತಗ್ಗಿಸಿಕೊಂಡು,
ನಿನ್ನ ಮಗಳ ಮಗಳು
ಕಲೀನಾ