ಫಾರ್ಮಿನಲ್ಲಿ ಮಾಮನ ಕಾಲಂ ಇಲ್ಲ

ಜೂನ್ 3, ಸೋಮವಾರ

ಇಂಗ್ಲಿಷಿನಲ್ಲಿ ನನ್ನನ್ನು ಮೀರಿಸುವವನು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಶಾಲೆ ಏಳನೇ ಕ್ಲಾಸಿಗೇ ಬಿಟ್ಟೆ — ಕಲಿಸಲು ಮೇಷ್ಟರ ಬಳಿ ಏನೂ ಉಳಿದಿರಲಿಲ್ಲ. ಇವತ್ತು ಬ್ಯಾಂಕ್ ಮ್ಯಾನೇಜರ್ ಜತೆ ಇಂಗ್ಲಿಷಿನಲ್ಲೇ ಮಾತಾಡಿದೆ. ಬೆರಗಾಗಿ ಕನ್ನಡದಲ್ಲಿ ಉತ್ತರ ಕೊಟ್ಟರು.

ಗಿರಣಿ ಏಳಕ್ಕೆ ತೆರೆದೆ. ಗೋಧಿ ಹನ್ನೊಂದು ಡಬ್ಬ, ಜೋಳ ನಾಲ್ಕು. ಬೆಲ್ಟ್ ಎರಡು ಸಲ ಜಾರಿತು. ಅಷ್ಟರಲ್ಲಿ ಕಡ್ಡಿ ಓಡಿ ಬಂದಳು. ಅಕ್ಕನ ಮಗಳು. ಅಕ್ಕ ಹೋದಾಗ ಐದು ವರ್ಷದವಳು, ಅಂದಿನಿಂದ ನನ್ನ ಕೈಯಲ್ಲೇ ಬೆಳೆದಳು. ವಿದೇಶದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆಯಂತೆ. ಮಣ್ಣಿನ ಮೇಲೆ ರಿಸರ್ಚ್, ಮೂರು ವರ್ಷ.

"ಮಾಮ, ಫ್ಯಾಮಿಲೀನೂ ಕರ್ಕೊಂಡ್ ಹೋಗ್ಬಹುದು!"

ಮೋಟರ್ ಆಫ್ ಮಾಡಿದೆ. ಮನಸ್ಸಿನಲ್ಲೇ ಸೂಟ್‌ಕೇಸಿಗೆ ಎರಡು ಪಂಚೆ ಇಟ್ಟುಕೊಂಡೆ.

ಜೂನ್ 5, ಬುಧವಾರ, ಸಂಜೆ

ಅವಳ ಮನೆಯಲ್ಲಿ ಫಾರ್ಮ್ ತುಂಬುವ ಕೆಲಸ. ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕುಳಿತೆ.

"ಗಂಡ, ಹದಿನೆಂಟರೊಳಗಿನ ಮಕ್ಕಳು. ಅಷ್ಟೇ ಮಾಮ."

"ಮಾಮನ ಕಾಲಂ ಎಲ್ಲಿ?"

"ಇಲ್ಲ ಮಾಮ."

"ಸರಿಯಾಗಿ ನೋಡೇ. ಹಿಂದಿನ ಪುಟದಲ್ಲಿರುತ್ತೆ."

ಹಿಂದಿನ ಪುಟ ಖಾಲಿ.

ಅಂದರೆ ಹೋಗುವವನು ಹೀರೋ. ಅವಳ ಗಂಡ. ಸಿಮೆಂಟ್ ಡಿಪೋದಲ್ಲಿ ಲೆಕ್ಕ ಬರೆಯುತ್ತಾನೆ, ತಲೆ ಬಾಚಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ — ಅದಕ್ಕೇ ಆ ಹೆಸರು. ಕೆಲಸ ಬಿಡುತ್ತಾನಂತೆ. ಅಲ್ಲಿ ಹೆಂಡತಿಯ 'ಡಿಪೆಂಡೆಂಟ್' ಅಂತೆ.

"ಏನು ಅಳಿಯಂದಿರೇ, ಹೆಂಡತಿ ಸೆರಗು ಹಿಡ್ಕೊಂಡು ವಿಮಾನ ಹತ್ತೋದಾ?"

"ಗಟ್ಟಿಯಾಗೇ ಹಿಡ್ಕೋತೀನಿ ಮಾವ. ಎತ್ತರ ಅಂದ್ರೆ ನಂಗೆ ಭಯ."

ಎಲ್ಲರೂ ನಕ್ಕರು. ಅವರ ಮೂರು ವರ್ಷದ ಮಗಳು ಚಿಲ್ಟು — ನನ್ನ ತೊಡೆಯ ಮೇಲೆ ಕುಳಿತು, ಅವನ ಜೋಕಿಗೆ ನಕ್ಕಳು.

ಜೂನ್ 8, ಶನಿವಾರ

ಹೀರೋ ಹೊಸ ಜಾಕೆಟ್ ತಂದಿದ್ದಾನೆ. ಈ ಸೆಕೆಯಲ್ಲಿ ಝಿಪ್ ಎಳೆದುಕೊಂಡು ಓಡಾಡುತ್ತಾನೆ, ಅಭ್ಯಾಸ ಆಗಲಿ ಎಂದು.

ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದವನು ನಾನು. ತಲೆಯ ಹೇನು ಹೆಕ್ಕಿದವನು ನಾನು. ಪರೀಕ್ಷೆಯ ಹಾಲ್ ಮುಂದೆ ಮೂರು ಗಂಟೆ ಬಿಸಿಲಲ್ಲಿ ನಿಂತವನು ನಾನು. ಹೆಣ್ಣು ಕೊಡುವವರು ಸಾಲಾಗಿ ನಿಂತಿದ್ದರು, ಇವಳಿಗೋಸ್ಕರ ಎಲ್ಲರನ್ನೂ ವಾಪಸ್ ಕಳಿಸಿದೆ. (ಸಾಲು ಎಂದರೆ ಇಬ್ಬರು.)

ಅವನು ಕಟ್ಟಿದ್ದು ಮೂರು ಗಂಟು. ಮೂರು ಗಂಟಿಗೆ ವೀಸಾ. ಇಪ್ಪತ್ತಮೂರು ವರ್ಷಕ್ಕೆ ಟಾಟಾ.

ಹೊಟ್ಟೆಕಿಚ್ಚಲ್ಲ. ನ್ಯಾಯ ಕೇಳುತ್ತಿದ್ದೇನೆ.

ಜೂನ್ 14, ಶುಕ್ರವಾರ

ಚಪ್ಪಲಿ ಅಂಗಡಿ ಮೇಲಿನ ಏಜೆಂಟ್ ಹತ್ತಿರ ಹೋದೆ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ದೇಶದ ಸಮಯ. ಎರಡು ನಿಂತಿದ್ದವು. ಆ ದೇಶಗಳಿಗೆ ವೀಸಾ ಇಲ್ಲವೇನೋ.

"ಡಿಪೆಂಡೆಂಟ್ ಅಂದ್ರೆ ಆಶ್ರಿತ. ನಿಮಗೆ ಏನೂ ಇಲ್ಲ, ಆಯಮ್ಮನೇ ಅನ್ನ ಹಾಕೋದು ಅಂತ ಅಫಿಡವಿಟ್ ಮಾಡ್ಸಿ. ಅವರ ಫೈಲಲ್ಲಿ ಸೇರ್ಸಿ. ಸ್ಪೆಷಲ್ ಕೇಸ್ ಆಗುತ್ತೆ."

"ನಂಗೆ ಗಿರಣಿ ಇದೆಯಲ್ರೀ."

"ಅದೇ ಪ್ರಾಬ್ಲಮ್ಮು. ಗಿರಣಿ ಇಟ್ಕೊಂಡೋನು ಎಲ್ಲಿಯ ಆಶ್ರಿತ ಸಾರ್?"

ಮಾತು ಸರಿಯಾಗೇ ಇದೆ. ಕಡ್ಡಿಗೆ ಈಗಲೇ ಹೇಳುವುದು ಬೇಡ. ವೀಸಾ ಬಂದ ಮೇಲೆ ಜಾಕೆಟ್ ಹಾಕಿಕೊಂಡು ಎದುರು ನಿಲ್ಲುತ್ತೇನೆ. ಹೀರೋ ಮುಖ ನೋಡಬೇಕು!

ಜೂನ್ 27, ಗುರುವಾರ

ಆಯಿತು. ಗಿರಣಿ ಎಣ್ಣೆ ಅಂಗಡಿಯವನಿಗೆ ಹೋಯಿತು. ಎಷ್ಟಕ್ಕೆ ಎಂದು ಬರೆಯುವುದಿಲ್ಲ — ಒಳ್ಳೆಯ ರೇಟು. ಕಡ್ಡಿಯ ಮನೆಯಲ್ಲಿ, ಸವೆದ ಬೀಸುವ ಕಲ್ಲು ಕೊಚ್ಚಿಸಲು ಬಂದ್ ಮಾಡಿದ್ದೇನೆ ಎಂದಿದ್ದೇನೆ.

ಏಜೆಂಟ್ ಫೀಸು ಎಣಿಸಿಕೊಂಡ. ಆಮೇಲೆ ನೋಟರಿ. ಅಫಿಡವಿಟ್ಟನ್ನು ಜೋರಾಗಿ ಓದತೊಡಗಿದ: "ನಾನು ನಿರ್ಗತಿಕನಾಗಿದ್ದು, ಸ್ವಂತ ಆಸ್ತಿಯಾಗಲಿ ಆದಾಯವಾಗಲಿ..."

"ಸ್ವಲ್ಪ ಮೆತ್ತಗೆ ಓದ್ರೀ. ಜನ ಇದಾರೆ."

'ಹಿಂದೆ ದೊಡ್ಡ ಮನುಷ್ಯ' ಎಂದು ಒಂದು ಲೈನ್ ಸೇರಿಸಲು ಕೇಳಿದೆ. ಜಾಗವಿಲ್ಲವಂತೆ.

ಜುಲೈ 9, ಮಂಗಳವಾರ

ನಾಳೆ ಫೈಲ್ ಕೊಡುವ ದಿನ. ಮಧ್ಯಾಹ್ನ ಕಡ್ಡಿ ಸ್ನಾನಕ್ಕೆ ಹೋದಾಗ ನನ್ನ ಕಾಗದ ಮದುವೆ ಸರ್ಟಿಫಿಕೇಟ್ ಕೆಳಗೆ ತೂರಿಸಿದೆ. ಅವಳು ನನ್ನ ಕೈಯಲ್ಲಿ ಬೆಳೆದವಳು — ಪ್ರತಿ ಹಾಳೆ ಎರಡು ಸಲ ನೋಡುತ್ತಾಳೆ. ಅದು ಮರೆತೇಹೋಗಿತ್ತು.

"ಮಾಮ, ಇದೇನು?"

"ಯಾವುದು?"

"ನಿರ್ಗತಿಕ! ನಾನು ಅನ್ನ ಹಾಕ್ತೀನಂತೆ! ನಿನ್ನ ಹಿಟ್ಟಿನ ದುಡ್ಡಲ್ಲಿ ಓದಿದೋಳು ನಾನು. ಈ ಸುಳ್ಳು ಕಾಗದ ಒಳಗೆ ಹೋಗಿದ್ರೆ ನನ್ನದು, ಇವರದು, ಮಗೂದು — ಮೂರೂ ರಿಜೆಕ್ಟ್ ಆಗ್ತಿತ್ತು ಗೊತ್ತಾ?"

ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.

"ತಮಾಷೆಗೆ ಕಣೇ" ಎಂದೆ.

ಅವಳು ನಗಲಿಲ್ಲ. ಕಾಗದ ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೇ ಇಟ್ಟಳು. ಆಮೇಲೆ ನನ್ನ ಭುಜದ ಮೇಲಿನ ಹಿಟ್ಟು ಕೊಡವಲು ಕೈ ಎತ್ತಿದಳು. ಹಿಟ್ಟು ಇರಲಿಲ್ಲ. ಒಂದು ಗಳಿಗೆ ನೋಡಿದಳು. ನಾನು ಕೆಮ್ಮಿದೆ.

ಜುಲೈ 10

ದುಡ್ಡು ವಾಪಸ್ ಕೇಳಿದೆ. ಏಜೆಂಟ್: "ಫೀಸು ಪ್ರಯತ್ನಕ್ಕೆ ಸಾರ್, ವೀಸಾಕ್ಕಲ್ಲ." ಮೆಟ್ಟಿಲಿಳಿದೆ.

ಜುಲೈ 23, ಮಂಗಳವಾರ

ಹೀರೋ ಗೋಧಿ ಡಬ್ಬ ಹೊತ್ತುಕೊಂಡು ಗಿರಣಿಗೆ ಹೋಗಿದ್ದಾನೆ. ಎಣ್ಣೆಯವನು ಎಲ್ಲ ಒದರಿದ್ದಾನೆ. ಸೀದಾ ನನ್ನ ರೂಮಿಗೆ ಬಂದ. ಜಾಕೆಟ್ ಇರಲಿಲ್ಲ.

"ಅವಳಿಗೆ ಹೇಳ್ಲಾ ಮಾವ?"

"ಹೇಳಿದ್ರೆ ಹೋಗಲ್ಲ ಅವಳು. ಓದಿನ ಫೀಸಿಗಿಟ್ಟ ದುಡ್ಡು ತಂದು ಗಿರಣಿ ಬಿಡಿಸ್ತಾಳೆ. ನಿಮ್ಮ ಕಾಲು ಹಿಡೀತೀನಿ, ಬಾಯಿ ಬಿಡ್ಬೇಡಿ."

ಹೊತ್ತು ತಂದಿದ್ದ ಡಬ್ಬ ಕೆಳಗಿಳಿಸಿದ.

"ಆ ಅಫಿಡವಿಟ್ ಕಾಗದಕ್ಕೆ ಎಷ್ಟು ಹೋಯ್ತು?"

"ನಲವತ್ತು ಸಾವಿರ. ನಮಗೆಲ್ಲ ಅದು ಚಿಲ್ಲರೆ."

"ಜಾಗ ಬದಲಾಯಿಸೋ ಹಾಗಿದ್ರೆ ನಿಮ್ಮನ್ನೇ ಕಳಿಸ್ತಿದ್ದೆ ಮಾವ. ಅಲ್ಲಿ ಹೋಗಿ ನಾನೇನ್ ಮಾಡ್ಲಿ ಅಂತ ನಿದ್ದೆ ಬರ್ತಿಲ್ಲ."

ಒಳ್ಳೆಯವನು ಬೇರೆ. ಅದಕ್ಕೂ ಹೊಟ್ಟೆ ಉರಿಯಿತು.

ಆಗಸ್ಟ್ 18, ಭಾನುವಾರ

ಹೋದರು. ಏರ್‌ಪೋರ್ಟಿನ ಗಾಜಿನ ಬಾಗಿಲಿನಿಂದಾಚೆ ಟಿಕೆಟ್ ಇದ್ದವರಿಗೆ ಮಾತ್ರ. ಚಿಲ್ಟು ಒಳಗಿನಿಂದ ಗಾಜಿಗೆ ಮೂಗು ಒತ್ತಿದಳು. ನಾನೂ ಒತ್ತಿದೆ. ಸೆಕ್ಯುರಿಟಿಯವನು ಹಿಂದೆ ಸರಿಯಿರಿ ಎಂದ, ನನಗೆ ಮಾತ್ರ.

ಸೆಪ್ಟೆಂಬರ್ 1, ಭಾನುವಾರ, ಮಧ್ಯಾಹ್ನ

ಎಣ್ಣೆಯವನ ಹತ್ತಿರ ಕೆಲಸಕ್ಕೆ ಸೇರಿ ಹತ್ತು ದಿನ. ಬೆಲ್ಟ್ ಜಾರಿದರೆ ಅವನಿಗೆ ಏರಿಸಲು ಬರುವುದಿಲ್ಲ. ದಿನಗೂಲಿ.

ಕಡ್ಡಿಯ ವಿಡಿಯೋ ಕಾಲ್ ಬಂತು. ಫೋನ್ ತಿರುಗಿಸಿ ಗಿರಣಿ ತೋರಿಸಿದೆ. "ಭಾನುವಾರಾನೂ ದುಡೀತೀಯಲ್ಲ ಮಾಮ, ಸ್ವಲ್ಪ ರೆಸ್ಟ್ ತಗೋ" ಎಂದಳು. ಓನರ್ ಕೇಳಬೇಕಲ್ಲ ಎಂದು ನಕ್ಕೆ. ಅವಳೂ ನಕ್ಕಳು. ಚಿಲ್ಟು ಹೀರೋ ಹೆಗಲ ಮೇಲೆ, ಅವನ ಬಾಚಿದ ಕೂದಲು ಹಿಡಿದುಕೊಂಡು, ನನ್ನ ಕಡೆ ನೋಡಲೂ ಇಲ್ಲ.

ಕಡ್ಡಿ ಒಳಗೆ ಹೋದಾಗ ಹೀರೋ ಮೆಲ್ಲಗೆ ಕೇಳಿದ: "ಮಾವ, ನಿಜ ಹೇಳಿ. ನಲವತ್ತೇನಾ?"

"ನಲವತ್ತೇ ಕಣ್ರೀ" ಎಂದೆ.

ಈ ಪುಸ್ತಕ ಯಾರೂ ಓದುವುದಿಲ್ಲ. ನಲವತ್ತು ಸುಳ್ಳಲ್ಲ. ಅದರ ಜತೆಗೆ ಏಜೆಂಟ್ ಎಣಿಸಿಕೊಂಡದ್ದು ಇನ್ನೂ ಮೂರು ಲಕ್ಷ.