ಹೊರಗೇ ನೋಡೋ ಸೀಲು

ಸಂಜೆ ಹೊತ್ತಿಗೆ ನಾನು ಕೂರಿಸಿದ ಸೀಲಿಂದ ಎಣ್ಣೆ ಸೋರಿತು. ಇವತ್ತು ತಾರೀಖು ಹದಿನಾಲ್ಕು, ಗುರುವಾರ. ರೂಮಲ್ಲಿ ಎಲ್ಲರೂ ಮಲಗಿದಾರೆ, ಫೋನಲ್ಲಿ ರೆಕಾರ್ಡ್ ಹಾಕ್ಕೊಂಡು ಮೆಲ್ಲಗೆ ಮಾತಾಡ್ತಿದೀನಿ.

ಮಣ್ಣು ಅಗೆಯೋ ಮಷೀನಿನ ಬಕೆಟ್ ಸಿಲಿಂಡರಿಗೆ ಹೊಸ ಸೀಲು, ಅಂದ್ರೆ ಎಣ್ಣೆ ತಡೆಯೋ ರಬ್ಬರ್ ಬಳೆ, ಹಾಕಿದ್ದು ನಾನೇ. ಆ ಸೀಲನ್ನ ನಂಗೆ ಕೆಲಸ ಕಲಿಸೋ ಮೇಸ್ತ್ರಿ ಬೆಳಿಗ್ಗೆಯಿಂದ ಅಂಗಿಯೊಳಗೆ ಇಟ್ಕೊಂಡು ಓಡಾಡಿದ್ರು. ಚಳಿಗೆ ಗಟ್ಟಿಯಾದ್ರೆ ಒಳಗೆ ತೂರಿಸೋಕೆ ಮಡಚುವಾಗ ಸೀಳುತ್ತಲ್ಲ, ಅದಕ್ಕೆ. ಹೆತ್ತ ಮಗೂನೂ ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ. ನಾನು ನೋಡಿದ್ರೆ, ಎಣ್ಣೆ ಕಡೆ ಇರಬೇಕಾದ ಅದರ ತುಟಿಯಂಥ ಅಂಚನ್ನ ಹೊರಗಡೆಗೆ ಮಾಡಿ ಕೂರಿಸಿಬಿಟ್ಟೆ.

ಬೈತಾರೆ ಅಂದ್ಕೊಂಡೆ. ಮೇಸ್ತ್ರಿ ಬಿಚ್ಚಿಸಿ ನೋಡಿ, "ನಿನ್ನ ಥರಾನೇ ಕಣೋ ಇದು, ಕೂತಲ್ಲಿ ಕೂರದೆ ಹೊರಗೇ ನೋಡುತ್ತೆ" ಅಂದ್ರು. ಭಾವ ನಂಗೆ ಬೇರೆ ಊರಲ್ಲಿ ಕೆಲಸ ನೋಡಿರೋದನ್ನ ಯಾರು ಅವರ ಕಿವಿಗೆ ಊದಿದ್ರೋ. "ಹೋಗೋದಾದ್ರೆ ಹೋಗಪ್ಪ. ಸೋರೋದನ್ನ ನಿಲ್ಲಿಸಿ ಹೋಗು."

ಇನ್ನೊಂದು ಸೀಲು ತಗೊಂಡು ಈ ಸಲ ನಾನೇ ಅಂಗಿಯೊಳಗೆ ಇಟ್ಕೊಂಡೆ. ಹಾಕಿ ಓಡಿಸಿದ ಮೇಲೆ ಮೇಸ್ತ್ರಿ ಬಿಳಿ ಬಟ್ಟೆಯಲ್ಲಿ ಸಿಲಿಂಡರಿಂದ ಹೊರಬರೋ ರಾಡ್ ಒರೆಸಿದ್ರು. ಎಣ್ಣೆ ಕಲೆ ಇಲ್ಲ. ಆ ಬಟ್ಟೇನ ಮಡಚಿ ನನ್ನ ಜೇಬಿಗೆ ತುರುಕಿ, "ನಾಳೆ ದೊಡ್ಡ ಸಿಲಿಂಡರ್ ನೀನೇ ಸೀಲು ಹಾಕಿ ಮುಚ್ಚು, ನಂಗೆ ಕಣ್ಣು ಸರಿ ಕಾಣಲ್ಲ" ಅಂದ್ರು. ಸುಳ್ಳು. ಆ ಮುದುಕನಿಗೆ ರಾಡಿನ ಮೇಲಿನ ಕೂದಲೆಳೆ ಗೀರೂ ದೂರದಿಂದಲೇ ಕಾಣುತ್ತೆ.

ಅಕ್ಕ ಎರಡು ಸಲ ಫೋನ್ ಮಾಡಿದ್ಲು, ಎತ್ತಲಿಲ್ಲ. ಭಾವ ನೋಡಿದ ಕೆಲಸ ಬೇಡ ಅನ್ನಬೇಕು. ಯಾಕೋ ಅಂತಾಳೆ, ಒಂದು ಬಟ್ಟೆ ಕೊಟ್ರು ಅಂದ್ರೆ ನಗ್ತಾಳೆ... ಈಗ ಮಲಗಿರ್ತಾಳೆ. ನಾಳೆ ದೊಡ್ಡದನ್ನ ಮುಚ್ಚಿ, ಕೈ ತೊಳ್ಕೊಂಡು, ಮಧ್ಯಾಹ್ನ ಒಂದೂವರೆಗೆ ಅವಳಿಗೆ ಫೋನ್ ಮಾಡ್ತೀನಿ.